ಸೆಲ್ಫ್ ಹೊಡೆಯುತ್ತದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ

1888ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಮ್ಯಾನ್‌ಹೈಮ್‌ನಿಂದ ಬರ್ಥಾ ಬೆಂಝ್ ಎಂಬ ಮಹಿಳೆ ತಮ್ಮ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೆ ತಿಳಿಸದೆ ಮನೆಯಿಂದ ಹೊರಟರು. ವಾಹನ ಗಂಡ ಕಾರ್ಲ್ ಬೆಂಝ್ ಕಟ್ಟಿದ ಮೂರು ಗಾಲಿಯ ಮೋಟಾರು ಗಾಡಿ. ತಲುಪಬೇಕಾದದ್ದು ಸುಮಾರು 100 ಕಿಲೋಮೀಟರ್ ದೂರದ ತವರೂರು ಫೋರ್ಟ್ಸ್‌ಹೈಮ್. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಿತು. ಟೋಪಿಯ ಪಿನ್ನು ತೆಗೆದು ಚುಚ್ಚಿ ಅದನ್ನು ಬಿಡಿಸಿದರು. ಇನ್ನೊಮ್ಮೆ ಕಿಡಿಯ ತಂತಿ ಕೈಕೊಟ್ಟಿತು. ಕಾಲುಚೀಲದ ಪಟ್ಟಿಯನ್ನು ಅದಕ್ಕೆ ಸುತ್ತಿದರು. ಮೊದಲ ದೂರಪ್ರಯಾಣದಲ್ಲೇ ಕಾರು ತನ್ನ ಎರಡು ಮುಖ್ಯ ಕಾಯಿಲೆಗಳನ್ನು ತೋರಿಸಿಬಿಟ್ಟಿತ್ತು. ಒಂದು ಇಂಧನದ್ದು, ಇನ್ನೊಂದು ಕಿಡಿಯದ್ದು. ಮುಂದಿನ ನೂರು ವರ್ಷ ಲೋಕದ ಎಲ್ಲ ಮೆಕ್ಯಾನಿಕ್‌ಗಳೂ ಸ್ಟಾರ್ಟ್ ಆಗದ ಗಾಡಿಯ ಮುಂದೆ ನಿಂತು ಕೇಳಿಕೊಂಡದ್ದು ಈ ಎರಡೇ ಪ್ರಶ್ನೆಗಳನ್ನು: ಪೆಟ್ರೋಲ್ ಬರುತ್ತಿದೆಯೇ? ಕರೆಂಟ್ ಬರುತ್ತಿದೆಯೇ?

ಆದರೆ 'ಸೆಲ್ಫ್ ಹೊಡೆಯುತ್ತದೆ, ಸ್ಟಾರ್ಟ್ ಆಗುವುದಿಲ್ಲ' ಎಂಬ ದೂರು ಆಗಿನ್ನೂ ಹುಟ್ಟಿರಲಿಲ್ಲ. ಸೆಲ್ಫ್ ಎಂಬುದೇ ಇರಲಿಲ್ಲ. ಎಂಜಿನ್ನನ್ನು ಕೈಯಿಂದಲೇ ತಿರುಗಿಸಬೇಕಿತ್ತು. ಮುಂದಿನಿಂದ ಹ್ಯಾಂಡಲ್ ತೂರಿಸಿ ಸುತ್ತುವಾಗ, ಸಿಲಿಂಡರಿನೊಳಗೆ ಒತ್ತಡ ಸರಿಯಾಗಿದೆಯೇ ಎಂಬುದು ಅಂಗೈಗೇ ಗೊತ್ತಾಗುತ್ತಿತ್ತು. ಕಿಡಿ ಹೊತ್ತಿಗೆ ಮೊದಲೇ ಹಾರಿದರೆ ಹ್ಯಾಂಡಲ್ ಹಿಂದಕ್ಕೆ ಒದ್ದು ಮಣಿಕಟ್ಟು ಮುರಿಯುತ್ತಿತ್ತು. ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತದೆ, ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಬೇಕು ಎಂಬ ಪಾಠವನ್ನು ಡ್ರೈವರ್‌ಗಳು ಒಬ್ಬರಿಂದೊಬ್ಬರು ಕಲಿತದ್ದು ಹಾಗೆ.

ಆ ಹ್ಯಾಂಡಲಿನಿಂದ ಬಿಡುಗಡೆ ತಂದವರು ಅಮೆರಿಕದ ಓಹಾಯೋದ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್. ಅವರ ಎಲೆಕ್ಟ್ರಿಕ್ ಸ್ಟಾರ್ಟರ್ 1912ರ ಮಾದರಿಯ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಅದಕ್ಕೂ ಸ್ವಲ್ಪ ಮೊದಲು ಬ್ಯಾಟರಿಯಿಂದ ಕಿಡಿ ಹುಟ್ಟಿಸುವ ಹೊಸ ವ್ಯವಸ್ಥೆಯನ್ನೂ ಅವರೇ ರೂಪಿಸಿದ್ದರು. ಬ್ಯಾಟರಿಯ ಕರೆಂಟ್ ಕಾಯಿಲಿನ ದಪ್ಪ ಸುರುಳಿಯಲ್ಲಿ ಹರಿಯುತ್ತದೆ. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟ್ ತೆರೆದ ಕ್ಷಣ ಆ ಹರಿವು ಕಡಿದುಹೋಗುತ್ತದೆ. ಅದೇ ಕ್ಷಣ ಕಾಯಿಲಿನ ಸಣ್ಣ ತಂತಿಯ ಸುರುಳಿಯಲ್ಲಿ ಸಾವಿರಾರು ವೋಲ್ಟ್ ಚಿಮ್ಮಿ ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗುತ್ತದೆ. ಹರಿವು ಚಕ್ಕನೆ ಕಡಿಯುವಂತೆ, ಪಾಯಿಂಟ್ ಸುಟ್ಟುಹೋಗದಂತೆ ನೋಡಿಕೊಳ್ಳುವುದು ಕಂಡೆನ್ಸರಿನ ಕೆಲಸ. ಪಾಯಿಂಟಿನ ಸಂದು ಸುಮಾರು ಅರ್ಧ ಮಿಲಿಮೀಟರ್. ಸುಮಾರು ಎಪ್ಪತ್ತು ವರ್ಷ ಲೋಕದ ಬಹುಪಾಲು ಪೆಟ್ರೋಲ್ ಕಾರುಗಳು ಓಡಿದ್ದು ಈ ಸಂದನ್ನು ನಂಬಿಕೊಂಡು.

ಒಬ್ಬರೇ ಮಾಡಿದ ಈ ಎರಡು ಸಾಧನಗಳ ನಡುವೆ ಒಂದು ಜಗಳ ಉಳಿಯಿತು. ಎರಡಕ್ಕೂ ಬ್ಯಾಟರಿ ಒಂದೇ. ಸ್ಟಾರ್ಟರ್ ಮೋಟಾರು ತಿರುಗುವಾಗ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ, ಕಿಡಿ ಅತ್ಯಂತ ಬಲವಾಗಿ ಬೇಕಾದ ಹೊತ್ತಿಗೇ ಕಾಯಿಲಿಗೆ ಸಿಗುವುದು ಕಡಿಮೆಯಾಗುತ್ತದೆ. ಬ್ಯಾಟರಿ ಸ್ವಲ್ಪ ಬಲ ಕಳೆದುಕೊಂಡಿದ್ದರೆ ಎಂಜಿನ್ ಗಿರಗಿರನೆ ತಿರುಗಿಯೂ ಹತ್ತುವುದಿಲ್ಲ. ಅಂಥ ಗಾಡಿ ನಾಲ್ಕು ಜನ ತಳ್ಳಿದರೆ ಹತ್ತಿಬಿಡುತ್ತಿತ್ತು. ಆಗ ತಿರುಗಿಸುವ ಕೆಲಸ ಜನರದ್ದು, ಬ್ಯಾಟರಿಗೆ ಕಿಡಿಯ ಕೆಲಸ ಮಾತ್ರ.

ಈ ತಂತ್ರಜ್ಞಾನ ಭಾರತದಲ್ಲಿ ಬೇರೂರಿದ ಕಥೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕಗಳ ಕಾರು ಕಾರ್ಖಾನೆಗಳನ್ನು ನೋಡಿಬಂದು, ಇಲ್ಲೂ ಒಂದು ಆಗಬೇಕೆಂದು ಪಟ್ಟು ಹಿಡಿದರು. ಬ್ರಿಟಿಷ್ ಸರಕಾರದ ಬೆಂಬಲ ಸಿಗಲಿಲ್ಲ. ಆ ಯೋಜನೆಯಲ್ಲಿ ಜೊತೆಗಿದ್ದ ವಾಲಚಂದ್ ಹೀರಾಚಂದ್, 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದರು. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಮುಂಬೈನ ಕುರ್ಲಾ ಕಾರ್ಖಾನೆಯಿಂದ 1964ರಲ್ಲಿ ಫಿಯಟ್ 1100 ಡಿಲೈಟ್ ಬಂತು. ಅದೇ ಕಾರು 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆದು, ಕಪ್ಪು-ಹಳದಿ ಟ್ಯಾಕ್ಸಿಯಾಗಿ ಮುಂಬೈನ ಗುರುತೇ ಆಯಿತು. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಕಂಪನಿ, ಆಡುಗೋಡಿಯ ಕಾರ್ಖಾನೆಯಲ್ಲಿ ಬಾಷ್ ತಂತ್ರಜ್ಞಾನದಿಂದ ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪ್ ಮಾಡತೊಡಗಿತು. 'ಮೈಕೋ ಪ್ಲಗ್' ಎಂಬುದು ಬಿಡಿಭಾಗದ ಅಂಗಡಿಗಳ ಮನೆಮಾತಾಯಿತು.

ಇಂಥ ಕಾರು ಬೆಳಗಿನ ಹೊತ್ತು ಹಟ ಹಿಡಿದರೆ ಮೆಕ್ಯಾನಿಕ್ ಮಾಡುತ್ತಿದ್ದುದಕ್ಕೆ ಒಂದು ಕ್ರಮವಿತ್ತು. ಮೊದಲು ಕಿವಿ: ಸೆಲ್ಫ್ ಎಳೆದೆಳೆದು ತಿರುಗುತ್ತಿದೆಯೋ, ಚುರುಕಾಗಿದೆಯೋ. ಎಳೆಯುತ್ತಿದ್ದರೆ ಬ್ಯಾಟರಿ, ಅದರ ತುದಿಗಳ ಕಿಲುಬು. ಆಮೇಲೆ ಕಿಡಿ: ಪ್ಲಗ್ಗಿನ ತಂತಿ ಬಿಚ್ಚಿ, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ಎಂಜಿನ್ನಿನ ಲೋಹದ ಹತ್ತಿರ ತಂದು ಸೆಲ್ಫ್ ಹೊಡೆಸುವುದು. ನೀಲಿ ಕಿಡಿ ಚಟಚಟನೆ ಹಾರಿದರೆ ಅಲ್ಲಿಯವರೆಗೆ ಸರಿ. ಹಳದಿಯಾಗಿ ಸೋತ ಕಿಡಿಯಾದರೆ, ಅಥವಾ ಕಿಡಿಯೇ ಇಲ್ಲದಿದ್ದರೆ, ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಪಾಯಿಂಟ್, ಕಂಡೆನ್ಸರ್, ರೋಟರ್ ನೋಡುವುದು. ಕಪ್ಪಾದ ಪಾಯಿಂಟನ್ನು ಉಜ್ಜುಕಾಗದದಿಂದ ತಿಕ್ಕಿದರೆ ಅರ್ಧಕ್ಕರ್ಧ ಗಾಡಿಗಳು ಅಲ್ಲೇ ಹತ್ತುತ್ತಿದ್ದವು.

ಕಿಡಿ ಇದ್ದೂ ಹತ್ತದಿದ್ದರೆ ಪ್ಲಗ್ ಬಿಚ್ಚಿ ಮೂಸಿ ನೋಡುವುದು. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ: ಪಂಪು, ಫಿಲ್ಟರ್, ಕಾರ್ಬೊರೇಟರಿನ ಜೆಟ್. ತೊಯ್ದಿದ್ದರೆ ಅತಿಯಾಗಿ ಬಂದಿದೆ: ಚೋಕ್ ಒಳಕ್ಕೆ ತಳ್ಳಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು, ಹೆಚ್ಚು ಗಾಳಿ ಹೋಗುವಂತೆ ಸೆಲ್ಫ್ ಹೊಡೆಯುವುದು. ಕಿಡಿ, ಪೆಟ್ರೋಲ್ ಎರಡೂ ಇದ್ದರೆ ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಒತ್ತಡ ಪರೀಕ್ಷೆ, ಕೊನೆಗೆ ಟೈಮಿಂಗ್. ಈ ಕ್ರಮದ ಬೆಲೆ ಅದರ ಮಿತವ್ಯಯದಲ್ಲಿತ್ತು. ಪ್ರತಿ ಹೆಜ್ಜೆಯೂ ಅರ್ಧ ಗಾಡಿಯನ್ನು ಸಂಶಯದಿಂದ ಬಿಡುಗಡೆ ಮಾಡುತ್ತಿತ್ತು, ಒಂದು ಬಿಡಿಭಾಗವನ್ನೂ ಕೊಳ್ಳದೆ. ದಿನದ ದುಡಿಮೆ ನಂಬಿದ ಟ್ಯಾಕ್ಸಿ ಚಾಲಕನಿಗೆ ಅದು ಸಣ್ಣ ಮಾತಲ್ಲ. ಊಹೆಯ ಮೇಲೆ ಕಾಯಿಲ್ ಬದಲಿಸಿ, ಕೊನೆಗೆ ತಪ್ಪು ಸಡಿಲ ತಂತಿಯದೆಂದು ತಿಳಿದರೆ ಆ ದಿನದ ಗಳಿಕೆ ಹೋದಂತೆಯೇ.

ಊರಿನ ಹವೆಯೂ ಈ ವಿದ್ಯೆಯ ಭಾಗವಾಗಿತ್ತು. ಮುಂಬೈ ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವ ಕೂತರೆ ಕಿಡಿ ಪ್ಲಗ್ಗಿಗೆ ಹೋಗುವ ಬದಲು ನೀರಿನ ದಾರಿ ಹಿಡಿಯುತ್ತಿತ್ತು. ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಬೇಸಿಗೆಯಲ್ಲಿ ಪುಣೆಯ ದಾರಿಯ ಬೋರ್ ಘಾಟ್ ಏರುವಾಗ ಪಂಪಿನಲ್ಲೇ ಪೆಟ್ರೋಲ್ ಆವಿಯಾಗಿ ಗಾಡಿ ನಿಲ್ಲುತ್ತಿತ್ತು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುವುದೇ ಮದ್ದು.

1990ರ ದಶಕದಲ್ಲಿ ಈ ಲೋಕ ಬದಲಾಯಿತು. 1995ರಿಂದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. 2000ದಲ್ಲಿ ಹೊಗೆಯ ನಿಯಮ ಇನ್ನಷ್ಟು ಬಿಗಿಯಾಯಿತು. ಕಾರ್ಬೊರೇಟರಿನ ಜಾಗಕ್ಕೆ ಇಂಜೆಕ್ಷನ್, ಪಾಯಿಂಟಿನ ಜಾಗಕ್ಕೆ ಕಂಪ್ಯೂಟರ್ ಬಂದವು. ಗಾಳಿಗೂ ಶ್ವಾಸಕೋಶಕ್ಕೂ ಒಳ್ಳೆಯದಾಯಿತು, ಬೆಳಗಿನ ಹಟವೂ ಬಹುಮಟ್ಟಿಗೆ ತಪ್ಪಿತು. ಜೊತೆಗೆ ಹಳೆಯ ಎರಡು ಪ್ರಶ್ನೆಗಳು ಒಂದಾಗಿ ಬೆರೆತವು. ಕ್ರ್ಯಾಂಕಿನ ಸ್ಥಾನ ತಿಳಿಸುವ ಒಂದು ಚಿಕ್ಕ ಸೆನ್ಸರ್ ಸತ್ತರೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಸೆಲ್ಫ್ ಮಾತ್ರ ಚೆನ್ನಾಗಿ ತಿರುಗುತ್ತಲೇ ಇರುತ್ತದೆ. ಅದನ್ನು ಮೂಸಿ ನೋಡಿ ಹೇಳಲಾಗದು, ಸ್ಕ್ಯಾನರ್ ಬೇಕು. ಆದರೆ ಸ್ಕ್ಯಾನರ್ ತೋರಿಸುವ ಕೋಡ್ ಸಂಶಯದ ದಿಕ್ಕನ್ನು ಹೇಳುತ್ತದೆ, ತೀರ್ಪನ್ನಲ್ಲ. ಸತ್ತದ್ದು ಸೆನ್ಸರೋ, ಅದರ ತಂತಿಯೋ ಎಂದು ಬೇರ್ಪಡಿಸಲು ಹಳೆಯ ಕ್ರಮವೇ ಬೇಕು.

2003ರ ಅಕ್ಟೋಬರ್ 29ರಂದು ನೋಂದಣಿಯಾದ ಮುಂಬೈನ ಕೊನೆಯ ಪದ್ಮಿನಿ ಟ್ಯಾಕ್ಸಿ, 20 ವರ್ಷದ ಮಿತಿ ಮುಗಿಸಿ 2023ರ ಅಕ್ಟೋಬರ್ ಕೊನೆಯಲ್ಲಿ ರಸ್ತೆಯಿಂದ ಇಳಿಯಿತು. ಅದಕ್ಕೆ ಒಂದು ವರ್ಷ ಮುಂಚೆ, ಪ್ಲಗ್ ಹುಟ್ಟಿದ ಆಡುಗೋಡಿಯ ಆವರಣ ಬಾಷ್ ಕಂಪನಿಯ ತಂತ್ರಜ್ಞಾನ ಕೇಂದ್ರವಾಗಿ ಉದ್ಘಾಟನೆಗೊಂಡಿತ್ತು. ಯಂತ್ರಗಳು ಬಿಡದಿಗೆ ಹೋಗಿದ್ದವು. ಹೊಸ ಆವರಣಕ್ಕೆ ಇಟ್ಟ ಹೆಸರಿನಲ್ಲಿ ಹಳೆಯ ಪದವೊಂದು ಉಳಿದಿದೆ: ಸ್ಪಾರ್ಕ್.