ಲಂಬವು ಹೊರಗೆ ಬಿದ್ದಾಗ: ಕ್ಷೇತ್ರಗಣಿತದಲ್ಲಿ ಬಾಹ್ಯಕೋನದ ಪ್ರಶ್ನೆ

‘ತ್ರಿಭುಜದ ಬಾಹ್ಯಕೋನವು ಅದರ ಅಂತರಾಭಿಮುಖ ಕೋನಗಳ ಮೊತ್ತಕ್ಕೆ ಸಮ’ ಎಂಬ ವಾಕ್ಯ ಕನ್ನಡ ಮಾಧ್ಯಮದಲ್ಲಿ ರೇಖಾಗಣಿತ ಕಲಿತವರಿಗೆ ಕಂಠಪಾಠವಾಗಿರುತ್ತದೆ. ಅದರ ಮೊದಲ ಎರಡು ಪದಗಳು ಎರಡು ಬೇರೆ ಪರಂಪರೆಗಳಿಂದ ಬಂದು ಇಲ್ಲಿ ಜೊತೆಗೂಡಿವೆ ಎಂಬುದು ನನ್ನ ಅರಿವಿಗೆ ಬಂದದ್ದು ತಡವಾಗಿ. ಜರ್ಮನಿಯಲ್ಲಿ ನಾವು ನಡೆಸುವ ಪಠ್ಯವಾಚನದ ತರಗತಿಯಲ್ಲಿ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವನ್ನು ಓದುತ್ತಿದ್ದಾಗ ವಿದ್ಯಾರ್ಥಿಯೊಬ್ಬರು ಒಂದು ಪ್ರಶ್ನೆ ಎತ್ತಿದರು: ಜರ್ಮನ್ ಭಾಷೆ ಈ ಆಕೃತಿಯನ್ನು ಮೂರು ಮೂಲೆಗಳಿಂದ ಗುರುತಿಸುತ್ತದೆ, ಈ ಗ್ರಂಥಕಾರನು ಮೂರು ತೋಳುಗಳಿಂದ ಗುರುತಿಸುವುದೇಕೆ? ಆ ದಿನ ನಾನು ಕೊಟ್ಟ ಉತ್ತರ ಸಮರ್ಪಕವಾಗಿರಲಿಲ್ಲ. ಅಷ್ಟೇ ಅಲ್ಲ, ನಾನು ಸಿದ್ಧಪಡಿಸುತ್ತಿದ್ದ ಪದಕೋಶದ ಕರಡಿನಲ್ಲಿ ‘ಅಶ್ರ’ ಎಂಬುದಕ್ಕೆ ಹಿಂದೆಮುಂದೆ ನೋಡದೆ ‘ಕೋನ’ ಎಂದು ಬರೆದಿದ್ದೆ.

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ ‘ಕವಿರಾಜಮಾರ್ಗ’ ರಚನೆಯಾದ 9ನೇ ಶತಮಾನದಲ್ಲೇ, ಮಹಾವೀರನ ಸಂಸ್ಕೃತ ಗ್ರಂಥವೂ ಹುಟ್ಟಿತು. ಅವನ ಕ್ಷೇತ್ರಗಣಿತದಲ್ಲಿ ತ್ರಿಭುಜಗಳು ಮೂರು ಬಗೆ: ಸಮ, ದ್ವಿಸಮ, ವಿಷಮ. ಮೂರನ್ನೂ ವಿಂಗಡಿಸುವುದು ಭುಜಗಳ ಅಳತೆ. ಲಘುಕೋನ, ವಿಶಾಲಕೋನ ಎಂಬ ವಿಭಾಗವಿಲ್ಲ. ಭುಜ, ಮುಖ, ಕರ್ಣ ಎಂದು ತೋಳು, ಮೋರೆ, ಕಿವಿಗಳ ಹೆಸರು ಹೊತ್ತ ಈ ಪರಿಭಾಷೆಯಲ್ಲಿ ಅಳೆಯಲ್ಪಡುವುದೆಲ್ಲ ಉದ್ದವೇ. ಮೂಲೆಗೆ ಹೆಸರುಂಟು, ಅಳತೆಯಿಲ್ಲ. ಜ್ಯೋತಿಷದಲ್ಲಿ ಮಾತ್ರ ನಾವು ಇಂದು ಕೋನವೆನ್ನುವುದು ವೃತ್ತದ ಚಾಪವಾಗಿ, ಅದರ ಜ್ಯೆಯಾಗಿ ಲೆಕ್ಕಕ್ಕೆ ಬರುತ್ತದೆ. ಹೊಲದ ಆಕಾರದ ಕ್ಷೇತ್ರಕ್ಕೆ ಆ ಚಾಪವನ್ನು ತರುವ ಅಗತ್ಯ ಗಣಿತಿಗಳಿಗೆ ಕಾಣಲಿಲ್ಲ.

ಹಾಗಿದ್ದರೆ ಬಾಹ್ಯಕೋನದ ಪ್ರಶ್ನೆ ಇಲ್ಲಿ ಹುಟ್ಟುವಂತೆಯೇ ಇಲ್ಲ. ಆದರೆ ತ್ರಿಭುಜದ ‘ಹೊರಗು’ ಎಂಬ ಪ್ರಶ್ನೆ ಹುಟ್ಟಿದೆ, ಇನ್ನೊಂದು ಬಾಗಿಲಿನಿಂದ.

ಶೃಂಗದಿಂದ ಭೂಮಿಗೆ, ಎಂದರೆ ಪಾದಕ್ಕೆ, ಇಳಿಬಿಟ್ಟ ರೇಖೆ ಲಂಬ. ಅದು ಭೂಮಿಯನ್ನು ಒಡೆದ ಎರಡು ತುಂಡುಗಳು ಆಬಾಧೆಗಳು. ಇವನ್ನು ಕಾಣುವ ವಿಧಾನ ಸರಳ. ಎರಡು ಭುಜಗಳ ವರ್ಗಗಳ ಅಂತರವನ್ನು ಭೂಮಿಯಿಂದ ಭಾಗಿಸಬೇಕು. ಬಂದ ಲಬ್ಧವನ್ನು ಭೂಮಿಗೆ ಕೂಡಿಸಿ ಅರ್ಧಿಸಿದರೆ ದೊಡ್ಡ ಆಬಾಧೆ, ಭೂಮಿಯಿಂದ ಕಳೆದು ಅರ್ಧಿಸಿದರೆ ಚಿಕ್ಕದು. ಮೊತ್ತ ಮತ್ತು ಅಂತರಗಳಿಂದ ಎರಡು ರಾಶಿಗಳನ್ನು ಪಡೆಯುವ ಈ ಕ್ರಿಯೆಗೆ ಮಹಾವೀರನು ಬಳಸುವ ಹೆಸರು ಸಂಕ್ರಮಣ.

1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯನು ಇದಕ್ಕೆ ಮೊದಲು ಕೊಡುವ ಉದಾಹರಣೆ ನಿರುಪದ್ರವಿಯಾದದ್ದು: ಭೂಮಿ 14, ಭುಜಗಳು 13 ಮತ್ತು 15. ಆಬಾಧೆಗಳು 5 ಮತ್ತು 9, ಲಂಬ 12. ಅದರ ಬೆನ್ನಿಗೇ ಬರುವುದು ಭೂಮಿ 9, ಭುಜಗಳು 10 ಮತ್ತು 17. ವರ್ಗಾಂತರ 189, ಅದನ್ನು 9ರಿಂದ ಭಾಗಿಸಿದರೆ 21. ಭೂಮಿಗಿಂತ ಲಬ್ಧವೇ ದೊಡ್ಡದಾಯಿತು! 9ರಿಂದ 21 ಕಳೆಯುವುದೆಂತು? ಭಾಸ್ಕರನು ಹಿಂಜರಿಯುವುದಿಲ್ಲ. ಲಬ್ಧದಿಂದಲೇ ಭೂಮಿಯನ್ನು ಕಳೆದು ಅರ್ಧಿಸಿ 6 ಎನ್ನುತ್ತಾನೆ; ಈ ಆಬಾಧೆ ಋಣಗತ, ಅದರ ದಿಕ್ಕು ವಿಪರೀತ ಎಂದು ತಿಳಿಸುತ್ತಾನೆ. ಇನ್ನೊಂದು ಆಬಾಧೆ 15, ಲಂಬ 8, ಕ್ಷೇತ್ರಫಲ 36. ಲಂಬವು ತ್ರಿಭುಜದ ಹೊರಗೆ, ಮುಂದಕ್ಕೆ ಎಳೆದ ಭೂಮಿಯ ಮೇಲೆ ಬಿದ್ದಿದೆ.

ಇದೇ ಸಂದರ್ಭಕ್ಕೆ ಯೂಕ್ಲಿಡನು ತನ್ನ ಎರಡನೆಯ ಪುಸ್ತಕದಲ್ಲಿ ಎರಡು ಪ್ರಮೇಯಗಳನ್ನು ಮೀಸಲಿಡುತ್ತಾನೆ: ವಿಶಾಲಕೋನವಿದ್ದರೆ 12ನೆಯದು, ಲಘುಕೋನವಿದ್ದರೆ 13ನೆಯದು. ಕೋನವನ್ನು ಹೆಸರಿಸುವವನು ಅದರ ಬಗೆಗಳನ್ನೂ ಬೇರ್ಪಡಿಸಬೇಕಾಗುತ್ತದೆ. ಭಾಸ್ಕರನಿಗೆ ಒಂದೇ ಸೂತ್ರ ಸಾಕು, ಉಳಿದ ಕೆಲಸವನ್ನು ಋಣಚಿಹ್ನೆ ಮಾಡುತ್ತದೆ. ಯಾರು ಮೇಲು ಎಂಬ ತೂಗಾಟ ನನಗೆ ಬೇಕಿಲ್ಲ. ಬಾಹ್ಯಕೋನವು ಎದುರಿನ ಎರಡು ಒಳಕೋನಗಳಲ್ಲಿ ಯಾವುದಕ್ಕಿಂತಲೂ ದೊಡ್ಡದೆಂದು ಮೊದಲ ಪುಸ್ತಕದ 16ರಲ್ಲಿ ಸಾಧಿಸಿ, ಅವುಗಳ ಮೊತ್ತಕ್ಕೇ ಸಮವೆಂಬುದನ್ನು ಸಮಾಂತರ ರೇಖೆಗಳ ಬಲ ದೊರೆಯುವ 32ರವರೆಗೆ ತಡೆಹಿಡಿಯುವ ಗ್ರೀಕ್ ಶಿಸ್ತಿಗೆ ಕ್ಷೇತ್ರಗಣಿತದಲ್ಲಿ ಸಮಾನವಾದದ್ದಿಲ್ಲ.

ಕುತೂಹಲದ ಸಂಗತಿಯೆಂದರೆ, ಭಾಸ್ಕರನ ಅಂಕೆಗಳೊಳಗೆ ಬಾಹ್ಯಕೋನ ಅಡಗಿ ಕುಳಿತಿದೆ. ಹೊರಗೆ ಮೂಡಿದ 6, 8, 10ರ ಲಂಬಕೋನ ತ್ರಿಭುಜವು ನಿಂತಿರುವುದು ಆ ಬಾಹ್ಯಕೋನದಲ್ಲೇ. ಇಂದಿನ ಕೋಷ್ಟಕದಿಂದ ಅದು ಸುಮಾರು 53.13 ಅಂಶ. ಅಂತರಾಭಿಮುಖ ಕೋನಗಳಲ್ಲಿ ಒಂದು 8, 15, 17ರ ತ್ರಿಭುಜದಿಂದ ಸಿಗುವ 28.07 ಅಂಶ, ಶೃಂಗದಲ್ಲಿರುವ ಇನ್ನೊಂದು 25.06. ಕೂಡಿಸಿದರೆ ಶಾಲೆಯ ಪ್ರಮೇಯ ಕಣ್ಣೆದುರು ನಿಲ್ಲುತ್ತದೆ. ಆದರೆ ಕೂಡಿಸಿದವರು ನಾವು, ಭಾಸ್ಕರನಲ್ಲ. ‘ನಮ್ಮವರಿಗೆ ಇದು ಮೊದಲೇ ಗೊತ್ತಿತ್ತು’ ಎಂಬ ಮಾತು ಪರದೇಶದ ನಮ್ಮ ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುತ್ತದೆ. ಆ ಚಪ್ಪಾಳೆಯಲ್ಲಿ ವಿಪರೀತ ದಿಕ್ಕಿನ ಆಬಾಧೆ ಎಂಬ ನಿಜವಾದ ಸಾಧನೆ ಯಾರಿಗೂ ಕೇಳಿಸುವುದಿಲ್ಲ.

ಯೂಕ್ಲಿಡನ ಕೋನಗಳು ಸಂಸ್ಕೃತಕ್ಕೆ ಇಡಿಯಾಗಿ ಬಂದದ್ದು 18ನೇ ಶತಮಾನದ ಆರಂಭದಲ್ಲಿ, ಸವಾಯಿ ಜಯಸಿಂಹನ ಆಶ್ರಯದಲ್ಲಿದ್ದ ಜಗನ್ನಾಥ ಸಮ್ರಾಟನು ನಸೀರುದ್ದೀನ್ ತೂಸಿಯ ಅರಬ್ಬಿ ಪಾಠವನ್ನು ‘ರೇಖಾಗಣಿತ’ವೆಂದು ಅನುವಾದಿಸಿದಾಗ. ಕನ್ನಡದಲ್ಲಿ ‘ಕ್ಷೇತ್ರಗಣಿತ’, ‘ವ್ಯವಹಾರಗಣಿತ’ಗಳನ್ನು ಬರೆದ 12ನೇ ಶತಮಾನದ ರಾಜಾದಿತ್ಯನು ಆ ಅನುವಾದಕ್ಕಿಂತ ಸುಮಾರು 600 ವರ್ಷ ಹಿಂದಿನವನು. ಅವನಿಗೂ ‘ಲೀಲಾವತಿ’ ಎಂಬ ಕೃತಿಯುಂಟು. ಭಾಸ್ಕರನದರೊಡನೆ ಅದನ್ನು ಬೆರೆಸಿಕೊಳ್ಳುವವರು ಇನ್ನೂ ಇದ್ದಾರೆ. ರಾಜಾದಿತ್ಯನ ಪದಗಳಿಗೆ ಅರ್ಥ ಬರೆಯುವವರು ಶಾಲಾಪುಸ್ತಕವನ್ನು ಬದಿಗಿಟ್ಟು ಮಹಾವೀರನನ್ನು ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಅದಕ್ಕೆ ಎಂ. ರಂಗಾಚಾರ್ಯರ 1912ರ ಮದರಾಸು ಆವೃತ್ತಿ ಈಗಲೂ ಆಧಾರವಾಗಬಲ್ಲದು.

ನನ್ನ ಕರಡಿನಲ್ಲಿ ‘ಅಶ್ರ’ಕ್ಕೆ ಈಗ ‘ಮೂಲೆ, ಅಂಚು’ ಎಂದಿದೆ. ‘ಕೋನ’ವನ್ನು ಹೊಡೆದುಹಾಕಿದ್ದೇನೆ. ‘ಆಬಾಧೆ’ಯ ಕೆಳಗೆ ಒಂದು ಸಾಲು ಹೆಚ್ಚಿದೆ: ಲಂಬವು ಹೊರಗೆ ಬಿದ್ದಾಗ ಋಣ.