ಸೋತು ಸುಣ್ಣವಾದ ಮೇಲೆ

ದುಡಿದು ಬಸವಳಿದವರನ್ನು ಕನ್ನಡಿಗರು ‘ಸೋತು ಸುಣ್ಣವಾದರು’ ಎನ್ನುತ್ತಾರೆ. ಸುಣ್ಣದ ಗೂಡು ಕಂಡವರಿಗೆ ಈ ಮಾತು ಬರೀ ಪ್ರಾಸಕ್ಕೆ ಹುಟ್ಟಿದ್ದೆನಿಸದು. ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಬೆಂದ ಕಲ್ಲು ಇಂಗಾಲದ ಡೈಆಕ್ಸೈಡ್ ಬಿಟ್ಟುಕೊಟ್ಟು ಹಗುರಾಗುತ್ತದೆ. ಶುದ್ಧ ಕಲ್ಲಾದರೆ, 100 ಕಿಲೋ ಇದ್ದದ್ದು ಉಳಿಯುವುದು 56 ಕಿಲೋ.

ಆದರೆ ಆ ಸುಟ್ಟ ಸುಣ್ಣಕ್ಕೆ ನೀರು ಬಿದ್ದೊಡನೆ ಕನ್ನಡದ ಧಾಟಿಯೇ ಬದಲು: ಸುಣ್ಣ ‘ಅರಳುತ್ತದೆ’. ಹೂವಿಗೂ ಹುರಿದ ಭತ್ತಕ್ಕೂ ಹೇಳುವ ಮಾತದು. ಗಟ್ಟಿ ಹೆಂಟೆ ಬುಸುಗುಟ್ಟಿ, ಬಿಸಿಯೇರಿ, ಬಿರಿದು ಬಿಳಿ ಹಿಟ್ಟಾಗುವುದನ್ನು ನೋಡಿದರೆ ಇದಕ್ಕಿಂತ ಒಪ್ಪುವ ಕ್ರಿಯಾಪದ ಬೇಕಿಲ್ಲ. ಪಠ್ಯಪುಸ್ತಕದ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇದೇ. ‘ಸುಣ್ಣ’ವೂ ಹುಟ್ಟಿನಿಂದ ಪುಡಿಯೇ, ಸಂಸ್ಕೃತದ ‘ಚೂರ್ಣ’ದ ತದ್ಭವ.

ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎಂಬ ಗಾದೆಯನ್ನು ರಾಜಕೀಯ ಭಾಷಣಗಳು ಸವೆಸಿಬಿಟ್ಟಿವೆ. ನೇತ್ರವೈದ್ಯರಿಗೆ ಮಾತ್ರ ಅದು ಅಲಂಕಾರವಲ್ಲ. ಸುಣ್ಣದ ತಿಳಿನೀರಿನ ಪಿಎಚ್ ಸುಮಾರು 12.4. ಎಲೆಯಡಿಕೆಯ ಸುಣ್ಣದ ಪೊಟ್ಟಣವನ್ನು ಮಗು ಹಿಸುಕಿ, ಅದು ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಉಜ್ಜದೆ, ತಕ್ಷಣ ಧಾರಾಳ ನೀರಿನಲ್ಲಿ ತೊಳೆಯುತ್ತ ಆಸ್ಪತ್ರೆಗೆ ಓಡಬೇಕು.

ಇದೇ ಕ್ಷಾರಗುಣ ಆರತಿ ತಟ್ಟೆಯಲ್ಲಿ ಚಂದ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಓಕುಳಿ ಕೆಂಪಗಾಗುತ್ತದೆ, ಮದುಮಕ್ಕಳ ದೃಷ್ಟಿ ತೆಗೆಯಲು ಸಿದ್ಧ.

ಗೋಡೆಗೆ ಬಳಿದ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುತ್ತದೆ. ಗೂಡಿನಲ್ಲಿ ಕಳೆದುಕೊಂಡದ್ದನ್ನೇ ವಾಪಸು ಪಡೆಯುತ್ತದೆ. ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿಟ್ಟಿರುವುದೂ ಸುಣ್ಣಕ್ಕೆ ಇಟ್ಟಿಗೆಪುಡಿ ಬೆರೆಸಿದ ಸುರ್ಕಿ ಗಾರೆಯೇ.

ಮಲೆನಾಡಿನ ಅಡಿಕೆ ತೋಟದವರಿಗೆ ಸುಣ್ಣ ಎಂದರೆ ಕೊಳೆರೋಗದ ನೆನಪು. ಮುಂಗಾರಿನ ಹೊತ್ತಿಗೆ ‘ಔಷಧಿ ಹೊಡೆಯುವ’ ಗಡಿಬಿಡಿ. ಫ್ರಾನ್ಸಿನ ದ್ರಾಕ್ಷಿತೋಟಗಳಿಂದ ಬಂದ ಬೋರ್ಡೋ ದ್ರಾವಣದ ಲೆಕ್ಕ ಎಲ್ಲರಿಗೂ ಬಾಯಿಪಾಠ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಎರಡನ್ನೂ ಬೇರೆಬೇರೆ ಕರಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕುತ್ತಾರೆ. ತಿಳಿನೀಲಿ ಬಂದರಷ್ಟೇ ಸಾಲದು. ಉಜ್ಜಿದ ಚಾಕುವನ್ನು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದೇ ಅರ್ಥ. ಹಾಗೇ ಹೊಡೆದರೆ ಮಿಳ್ಳೆ, ಸೋಗೆ ಸುಟ್ಟೀತು. ಮತ್ತೊಂದು ಬೊಗಸೆ ಸುಣ್ಣ ಬಿದ್ದು ಚಾಕು ಬೆಳ್ಳಗೆ ಹೊರಬರುವ ತನಕ ಮರ ಹತ್ತುವವರು ಕಾಯಬೇಕು.