ಧೂಳಿನ ಹಲಗೆಯಿಂದ ಶನಿವಾರದ ತರಗತಿಗೆ: ಗುಜರಾತಿ ಅಕ್ಷರಾಭ್ಯಾಸದ ಇತಿಹಾಸದ ಕೆಲವು ಘಟ್ಟಗಳು

ಒಂದು ಭಾಷೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅದರ ಕವಿಗಳನ್ನೂ ನಿಘಂಟುಗಳನ್ನೂ ಮುದ್ರಣಾಲಯಗಳನ್ನೂ ಗಣನೆಗೆ ತೆಗೆದುಕೊಳ್ಳುತ್ತಾರೆ. ಆ ಭಾಷೆಯನ್ನು ಎಳೆಯ ಮಕ್ಕಳಿಗೆ ಯಾರು ಕಲಿಸಿದರು, ಎಲ್ಲಿ ಕಲಿಸಿದರು, ಯಾವ ಪ್ರಯೋಜನಕ್ಕಾಗಿ ಕಲಿಸಿದರು, ಅದರ ವೆಚ್ಚವನ್ನು ಯಾರು ಹೊತ್ತರು ಎಂಬ ಪ್ರಶ್ನೆಗಳು ಅಷ್ಟಾಗಿ ಏಳುವುದಿಲ್ಲ. ಆದರೆ ಭಾಷೆಯೊಂದು ತನ್ನ ನೆಲವನ್ನು ಬಿಟ್ಟು ಕಡಲಾಚೆಗೆ ಹೋದಾಗ ಅದರ ಅಳಿವು ಉಳಿವುಗಳು ಬಹುಮಟ್ಟಿಗೆ ಈ ಪ್ರಶ್ನೆಗಳನ್ನೇ ಅವಲಂಬಿಸಿರುತ್ತವೆ. ಹೊರನಾಡಿನ ಮಕ್ಕಳು ನುಡಿಯನ್ನು ಮರೆಯುವುದಕ್ಕೆ ತಾಯಿತಂದೆಗಳ ಉದಾಸೀನವೇ ಕಾರಣವೆಂದು ಹೇಳುವ ವಾಡಿಕೆಯುಂಟು. ಈ ಮಾತು ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಗುಜರಾತಿ ಭಾಷೆಯ ಉದಾಹರಣೆಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಗಾಮಠಿ ನಿಶಾಳ

ಬ್ರಿಟಿಷರ ಆಳ್ವಿಕೆಗೆ ಮುಂಚಿನಿಂದಲೂ ಗುಜರಾತಿನ ಹಳ್ಳಿಪಟ್ಟಣಗಳಲ್ಲಿ ‘ಗಾಮಠಿ ನಿಶಾಳ’ ಎಂಬ ಖಾಸಗಿ ಶಾಲೆಗಳಿದ್ದುವು. ಮಕ್ಕಳು ಮರದ ಹಲಗೆಯ ಮೇಲೆ ಧೂಳನ್ನು ಹರಡಿ ಕಡ್ಡಿಯಿಂದ ಅಕ್ಷರ ತಿದ್ದುತ್ತಿದ್ದುದರಿಂದ ಇವುಗಳಿಗೆ ‘ಧೂಳಿ ನಿಶಾಳ’ ಎಂಬ ಹೆಸರೂ ಬಂದಿತು. ನಮ್ಮ ಉತ್ತರ ಕರ್ನಾಟಕದ ಗಾವಠಿ ಶಾಲೆ, ಹಳೆಯ ಮೈಸೂರಿನ ಕೂಲಿಮಠಗಳನ್ನು ಬಲ್ಲವರಿಗೆ ಈ ಚಿತ್ರ ಹೊಸದಲ್ಲ. ಮರಳು ಧೂಳಾಯಿತು, ಐಗಳು ಮೆಹತಾಜಿಯಾದರು. ಮಿಕ್ಕದ್ದೆಲ್ಲ ಬಹುಪಾಲು ಒಂದೇ. ಉಪಾಧ್ಯಾಯನ ಜೀವನ ಪೋಷಕರು ಕೊಡುವ ಕಾಳುಕಡ್ಡಿ ಮತ್ತು ಅಲ್ಪಸ್ವಲ್ಪ ಹಣದಿಂದ ಸಾಗುತ್ತಿತ್ತು.

ಈ ಶಾಲೆಗಳ ಪಾಠಕ್ರಮದಲ್ಲಿ ಸಾಹಿತ್ಯಕ್ಕಿಂತ ಲೆಕ್ಕಕ್ಕೆ ಪ್ರಾಧಾನ್ಯ ಹೆಚ್ಚು. ‘ಆಂಕ್’ ಎಂಬ ಮಗ್ಗಿಗಳನ್ನು ಒಕ್ಕೊರಲಿನಿಂದ ಬಾಯಿಪಾಠ ಮಾಡಿಸಲಾಗುತ್ತಿತ್ತು. ಪೂರ್ಣಸಂಖ್ಯೆಗಳ ಮಗ್ಗಿ ಮುಗಿದ ಮೇಲೆ ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆಯ ಮಗ್ಗಿಗಳೂ ಇದ್ದುವು. ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ಪೋರಬಂದರಿನ ಬಾಲ್ಯವನ್ನು ನೆನೆಯುವಾಗ ಮಗ್ಗಿ ಕಲಿಯಲು ತಾವು ಪಟ್ಟ ಕಷ್ಟವನ್ನೇ ಮೊದಲು ಹೇಳುತ್ತಾರೆ. ಹುಡುಗನು ಅಂಗಡಿಯಲ್ಲಿ ಕುಳಿತು ‘ಚೋಪಡಾ’ ಎಂಬ ಲೆಕ್ಕದ ಪುಸ್ತಕವನ್ನು ಬರೆಯಲು ಸಮರ್ಥನಾದರೆ ವಿದ್ಯಾಭ್ಯಾಸ ಸಾರ್ಥಕವಾಯಿತೆಂದು ಭಾವಿಸಲಾಗುತ್ತಿತ್ತು.

ಲಿಪಿಯ ಇತಿಹಾಸವೂ ಇದನ್ನೇ ಸಮರ್ಥಿಸುತ್ತದೆ. ದೇವನಾಗರಿಯ ತಲೆಗೆರೆಯನ್ನು ತೊರೆದು ವೇಗವಾಗಿ ಬರೆಯಲು ಒದಗುವ ಇಂದಿನ ಗುಜರಾತಿ ಅಕ್ಷರಗಳಿಗೆ ಹಿಂದೆ ‘ವಾಣಿಯಾಶಾಹಿ’, ‘ಶರಾಫಿ’ ಎಂಬ ಹೆಸರುಗಳಿದ್ದುವು. ಎಂದರೆ ಅವು ವರ್ತಕರ, ಶರಾಫರ ಅಕ್ಷರಗಳು. ಗ್ರಂಥಗಳನ್ನು ದೇವನಾಗರಿಯಲ್ಲಿಯೂ ಪತ್ರ ಮತ್ತು ಲೆಕ್ಕಗಳನ್ನು ಈ ಲಿಪಿಯಲ್ಲಿಯೂ ಬರೆಯುವುದು ರೂಢಿಯಾಗಿತ್ತು. ವರ್ತಕರ ಬರವಣಿಗೆಯಲ್ಲಿ ಸ್ವರಚಿಹ್ನೆಗಳನ್ನು ಬಿಟ್ಟುಬಿಡುವ ಅಭ್ಯಾಸವೂ ಇತ್ತು. ‘ಕಾಕಾ ಅಜಮೇರಿಗೆ ಹೋದರು’ ಎಂಬ ಪತ್ರವನ್ನು ‘ಕಾಕಾ ಇಂದು ತೀರಿಕೊಂಡರು’ ಎಂದು ಓದಿಕೊಂಡು ಮನೆಮಂದಿಯೆಲ್ಲ ಅತ್ತರೆಂಬ ಹಾಸ್ಯದ ಕಥೆ ಪಶ್ಚಿಮ ಭಾರತದ ವರ್ತಕಲಿಪಿಗಳ ಬಗೆಗೆ ಇಂದಿಗೂ ಪ್ರಚಲಿತವಾಗಿದೆ.

೨. ಮುದ್ರಣ ಮತ್ತು ಪಠ್ಯಪುಸ್ತಕ

ವರ್ತಕರ ಲಿಪಿಯನ್ನು ಸಾಹಿತ್ಯದ ಲಿಪಿಯನ್ನಾಗಿ ಮಾಡಿದ ಕೀರ್ತಿಯ ದೊಡ್ಡ ಪಾಲು ಮುದ್ರಣಕ್ಕೆ ಸಲ್ಲಬೇಕು. ಪಾರಸಿ ಗೃಹಸ್ಥರಾದ ಫರ್ದೂನ್‌ಜಿ ಮರ್ಜಬಾನರು ೧೮೧೨ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ತೆರೆದು, ೧೮೨೨ರಲ್ಲಿ ‘ಮುಂಬಯಿ ಸಮಾಚಾರ’ ಪತ್ರಿಕೆಯನ್ನು ಆರಂಭಿಸಿದರು. ಇದೇ ಕಾಲದಲ್ಲಿ ಮುಂಬಯಿ ಪ್ರಾಂತದಲ್ಲಿ ದೇಶಭಾಷೆಗಳ ಶಾಲೆಗಳಿಗೆ ಉತ್ತೇಜನ ದೊರೆಯಿತು. ರಣಛೋಡಭಾಯಿ ಗಿರಿಧರಭಾಯಿಯವರು ಗುಜರಾತಿಯಲ್ಲಿ ಪಾಠಪುಸ್ತಕಗಳನ್ನು ಸಿದ್ಧಪಡಿಸಿ ಉಪಾಧ್ಯಾಯರನ್ನು ತರಬೇತಿಗೊಳಿಸಿದರು. ಅಲೆಗ್ಸಾಂಡರ್ ಕಿನ್‌ಲಾಕ್ ಫಾರ್ಬ್ಸ್ ೧೮೪೮ರಲ್ಲಿ ಅಹಮದಾಬಾದಿನಲ್ಲಿ ಗುಜರಾತ್ ವರ್ನಾಕ್ಯುಲರ್ ಸೊಸೈಟಿಯನ್ನು ಸ್ಥಾಪಿಸಿದನು. ೧೮೫೦ರ ದಶಕದ ಕೊನೆಯಲ್ಲಿ ಹೋಪ್ ಎಂಬ ವಿದ್ಯಾಧಿಕಾರಿಯ ನೇತೃತ್ವದಲ್ಲಿ ಸಿದ್ಧವಾದ ವಾಚನಮಾಲೆಯು, ಕವಿ ದಲಪತರಾಮರ ಪದ್ಯಗಳೊಡನೆ, ಗುಜರಾತಿನ ಹಲವು ತಲೆಮಾರಿನ ಮಕ್ಕಳ ಕೈಸೇರಿತು. ನರ್ಮದರ ‘ನರ್ಮಕೋಶ’ ೧೮೭೩ರಲ್ಲಿ ಪೂರ್ಣವಾಗಿ ಪ್ರಕಟವಾಯಿತು. ೧೯೨೦ರಲ್ಲಿ ಸ್ಥಾಪಿತವಾದ ಗುಜರಾತ್ ವಿದ್ಯಾಪೀಠವು ಗಾಂಧೀಜಿಯವರ ಪ್ರೇರಣೆಯಿಂದ ೧೯೨೯ರಲ್ಲಿ ‘ಜೋಡಣಿಕೋಶ’ವನ್ನು ಹೊರತಂದು ಕಾಗುಣಿತಕ್ಕೆ ಒಂದು ನೆಲೆಯನ್ನು ಕಲ್ಪಿಸಿತು.

ಈ ನೂರು ವರ್ಷಗಳಲ್ಲಿ ಅಂಗಡಿಯ ಬರಹಕ್ಕೆ ಒದಗುತ್ತಿದ್ದ ನುಡಿಯು ಶಿಷ್ಟರೂಪವನ್ನು ಪಡೆದು ಪಠ್ಯಪುಸ್ತಕದ ನುಡಿಯೂ ಆಯಿತು. ಆದರೆ ಹೊಸ ಪ್ರಯೋಜನ ಬಂದಾಗ ಹಳೆಯದು ಹೋಗಲಿಲ್ಲವೆಂಬುದನ್ನು ಗಮನಿಸಬೇಕು. ಕಡಲನ್ನು ದಾಟಿದಾಗ ಗುಜರಾತಿಯು ಈ ಎರಡು ಬಲಗಳನ್ನೂ ಹೊತ್ತುಕೊಂಡೇ ಹೋಯಿತು.

೩. ಆಫ್ರಿಕದ ಅನುಭವ

ಹತ್ತೊಂಬತ್ತನೆಯ ಶತಮಾನದಲ್ಲಿ ಜಂಜಿಬಾರದ ಸುಲ್ತಾನರ ಸುಂಕದ ಗುತ್ತಿಗೆಯು ಬಹುಕಾಲ ಕಛ್ಛದ ಜೈರಾಮ ಶಿವಜಿಯ ಮನೆತನದ ವಶದಲ್ಲಿತ್ತು. ೧೮೯೬ರಿಂದ ೧೯೦೧ರವರೆಗೆ ಯುಗಾಂಡ ರೈಲ್ವೆಯ ನಿರ್ಮಾಣ ನಡೆದ ತರುವಾಯ ಗುಜರಾತಿ ಮತ್ತು ಕಛ್ಛಿ ವರ್ತಕರು ಒಳನಾಡಿನಲ್ಲಿ ಅಂಗಡಿಗಳನ್ನು ತೆರೆದರು. ಅಂಗಡಿಯ ಹಿಂದೆಯೇ ಶಾಲೆಯೂ ಹೋಯಿತು. ವಸಾಹತು ಸರ್ಕಾರಗಳು ಯೂರೋಪಿಯನರು, ಏಷ್ಯದವರು, ಆಫ್ರಿಕನರು ಎಂದು ಶಾಲೆಗಳನ್ನು ಜನಾಂಗವಾರು ವಿಂಗಡಿಸಿದ್ದುದರಿಂದ ಭಾರತೀಯರ ಶಾಲೆಗಳು ಹೆಚ್ಚಾಗಿ ಆಯಾ ಸಮಾಜದ ದಾನದಿಂದಲೇ ನಡೆದುವು. ಅವುಗಳ ಕೆಳತರಗತಿಗಳಲ್ಲಿ ಅನೇಕ ಕಡೆ ಗುಜರಾತಿಯೇ ಬೋಧನಭಾಷೆಯಾಗಿತ್ತು. ಜನಾಂಗಭೇದದ ಈ ಅನಿಷ್ಟ ವ್ಯವಸ್ಥೆಯು ಗುಜರಾತಿಗೆ ತಾನಾಗಿ ಒಂದು ಆಶ್ರಯವನ್ನು ಒದಗಿಸಿತೆಂಬುದು ಇತಿಹಾಸದ ವಿಪರ್ಯಾಸಗಳಲ್ಲಿ ಒಂದು.

ಭಾಷೆಗೂ ಜೀವನೋಪಾಯಕ್ಕೂ ಇದ್ದ ನಂಟು ೧೯೨೩ರಲ್ಲಿ ಟಾಂಗನ್ಯೀಕದಲ್ಲಿ ಸ್ಪಷ್ಟವಾಗಿ ಕಾಣಿಸಿಕೊಂಡಿತು. ಲಾಭದ ತೆರಿಗೆಗಾಗಿ ವರ್ತಕರು ಗುಜರಾತಿ ಲೆಕ್ಕಗಳನ್ನು ಬಿಟ್ಟು ಸರ್ಕಾರವು ಒಪ್ಪುವ ಭಾಷೆಯಲ್ಲಿ ಲೆಕ್ಕವಿಡತಕ್ಕದ್ದೆಂದು ಅಲ್ಲಿನ ಆಡಳಿತವು ವಿಧಿಸಿದಾಗ ಭಾರತೀಯ ವರ್ತಕರು ವಾರಗಟ್ಟಲೆ ಅಂಗಡಿಗಳನ್ನು ಮುಚ್ಚಿ ಹರತಾಳ ಆಚರಿಸಿದರು. ತೆರಿಗೆಯ ವಿರೋಧವೂ ಇದರಲ್ಲಿ ಸೇರಿತ್ತೆಂಬುದು ನಿಜ. ಆದರೂ ಚೋಪಡಾದ ಭಾಷೆಗಾಗಿ ವ್ಯಾಪಾರವನ್ನೇ ನಿಲ್ಲಿಸುವಷ್ಟು ಆ ಭಾಷೆ ಅವರ ಬದುಕಿಗೆ ಅನಿವಾರ್ಯವಾಗಿತ್ತು.

ದಕ್ಷಿಣ ಆಫ್ರಿಕದಲ್ಲಿ ಬೇರೊಂದು ಬಗೆಯ ಪ್ರಯೋಗ ನಡೆಯಿತು. ೧೯೧೦ರಲ್ಲಿ ಜೊಹಾನ್ಸ್‌ಬರ್ಗಿನ ಬಳಿ ಕಾಲನ್‌ಬಾಕ್ ನೀಡಿದ ಭೂಮಿಯಲ್ಲಿ ಗಾಂಧೀಜಿ ಸ್ಥಾಪಿಸಿದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಹಿಂದಿ, ತಮಿಳು, ಗುಜರಾತಿ, ಉರ್ದು ನಾಲ್ಕನ್ನೂ ಕಲಿಸಲಾಗುತ್ತಿತ್ತು. ಮಕ್ಕಳ ಪಾಠ ಅವರವರ ನುಡಿಯಲ್ಲಿಯೇ ನಡೆಯುತ್ತಿತ್ತು. ತಮಿಳು, ಉರ್ದುಗಳನ್ನು ಕಲಿಸುವ ಭಾರ ಗಾಂಧೀಜಿಯವರ ಮೇಲೆಯೇ ಬಿದ್ದಿತು. ತಮ್ಮ ತಮಿಳು ಪೋಪ್ ಪಂಡಿತನ ಕೈಪಿಡಿಯನ್ನು ಮೀರಿದುದಲ್ಲವೆಂದು ಅವರೇ ಒಪ್ಪಿಕೊಂಡಿದ್ದಾರೆ. ತಮ್ಮ ಮಕ್ಕಳೊಡನೆ ಗುಜರಾತಿಯಲ್ಲಿಯೇ ಮಾತನಾಡಬೇಕೆಂಬ ಅವರ ಹಟಕ್ಕೆ ಮಿತ್ರ ಪೋಲಾಕ್ ಒಪ್ಪದೆ, ಈ ವಿಷಯದಲ್ಲಿ ಇಬ್ಬರಿಗೂ ಬಿಸಿಬಿಸಿ ಚರ್ಚೆ ನಡೆಯುತ್ತಿತ್ತು. ಇಂಗ್ಲೀಷಿನಿಂದ ಮಕ್ಕಳಿಗೆ ಲೋಕದಲ್ಲಿ ಮುಂದಡಿಯಿಡಲು ಅನುಕೂಲವೆಂಬುದು ಪೋಲಾಕರ ವಾದ; ಸ್ವಭಾಷೆಯಿಲ್ಲದೆ ಮಕ್ಕಳು ದೇಶಕ್ಕೂ ಮನೆತನಕ್ಕೂ ಹೊರಗಾಗುವರೆಂಬುದು ಗಾಂಧೀಜಿಯವರ ವಾದ. ಮುಂದೆ ಹೊರನಾಡಿನ ಗುಜರಾತಿ ಮನೆಗಳಲ್ಲಿ ನಡೆದ ಚರ್ಚೆಗಳೂ ಬಹುಮಟ್ಟಿಗೆ ಈ ಎರಡು ವಾದಗಳ ನಡುವೆಯೇ ತೂಗಾಡಿದುವು.

ಪೂರ್ವ ಆಫ್ರಿಕದಲ್ಲಿ ತಕ್ಕಡಿಯು ಇಂಗ್ಲೀಷಿನತ್ತ ವಾಲಿದುದು ೧೯೫೦ರ ದಶಕದಲ್ಲಿ. ಸ್ವಾತಂತ್ರ್ಯ ಸಮೀಪಿಸಿದಂತೆ ಇಸ್ಮಾಯಿಲಿ ಸಮಾಜವು ತನ್ನ ಧರ್ಮಗುರುಗಳಾದ ಆಗಾಖಾನರ ಸಲಹೆಯಂತೆ ಶಾಲೆಗಳಲ್ಲಿ ಗುಜರಾತಿಯನ್ನು ಬಿಟ್ಟು ಇಂಗ್ಲೀಷನ್ನು ಹಿಡಿಯಿತು. ೧೯೬೧ರಿಂದ ೧೯೬೩ರೊಳಗೆ ಟಾಂಗನ್ಯೀಕ, ಯುಗಾಂಡ, ಕೀನ್ಯಗಳು ಸ್ವತಂತ್ರವಾದುವು. ಜನಾಂಗವಾರು ಶಾಲೆಗಳ ಕಾಲ ಮುಗಿಯಿತು. ಅದರೊಡನೆ ಗುಜರಾತಿ ಮಾಧ್ಯಮದ ಕಾಲವೂ ಮುಗಿಯುತ್ತ ಬಂದಿತು.

೪. ಇಂಗ್ಲೆಂಡಿನಲ್ಲಿ

೧೯೭೨ರ ಆಗಸ್ಟಿನಲ್ಲಿ ಯುಗಾಂಡದ ಇದಿ ಅಮೀನನು ಏಷ್ಯದವರು ೯೦ ದಿನಗಳೊಳಗೆ ದೇಶವನ್ನು ಬಿಡಬೇಕೆಂದು ಆಜ್ಞಾಪಿಸಿದನು. ಸುಮಾರು ೨೭,೦೦೦ಕ್ಕೂ ಮಿಕ್ಕ ಜನ ಬ್ರಿಟನ್ನಿಗೆ ಬಂದರು. ಲೆಸ್ಟರ್ ನಗರಸಭೆಯು ಸೆಪ್ಟೆಂಬರಿನಲ್ಲಿ ಯುಗಾಂಡದ ಪತ್ರಿಕೆಯೊಂದರಲ್ಲಿ ತನ್ನ ನಗರಕ್ಕೆ ಬರಬೇಡಿರೆಂದು ಜಾಹೀರಾತನ್ನೇ ಹಾಕಿಸಿತು. ಆದರೂ ಬಂದರು, ನೆಲೆಸಿದರು, ಬೆಲ್‌ಗ್ರೇವ್ ರಸ್ತೆಯ ಇಕ್ಕೆಲಗಳಲ್ಲಿ ಸೀರೆ, ಒಡವೆ, ಮಿಠಾಯಿ ಅಂಗಡಿಗಳು ಎದ್ದುವು. ಇಲ್ಲಿಯೂ ಅಂಗಡಿಯ ಹಿಂದೆ ಶಾಲೆ ಬಂದಿತು. ಆದರೆ ಅದು ಪೂರ್ಣಾವಧಿಯ ಶಾಲೆಯಾಗದೆ, ದೇವಾಲಯದ ಸಭಾಂಗಣದಲ್ಲೋ ಬಾಡಿಗೆಗೆ ಪಡೆದ ಶಾಲಾಕೊಠಡಿಯಲ್ಲೋ ಸಂಜೆಯ ಹೊತ್ತು ಅಥವಾ ಶನಿವಾರ, ಭಾನುವಾರಗಳಲ್ಲಿ ನಡೆಯುವ ಸಮಾಜದ ತರಗತಿಯಾಯಿತು.

ಸರ್ಕಾರದ ಧೋರಣೆಯು ಈ ಅವಧಿಯಲ್ಲಿ ಒಂದೇ ತೆರನಾಗಿರಲಿಲ್ಲ. ೧೯೭೫ರ ಬುಲಕ್ ವರದಿಯು ಶಾಲೆಯ ಹೊಸ್ತಿಲನ್ನು ದಾಟುವಾಗ ಮಗುವು ಮನೆಯ ನುಡಿಯನ್ನು ಕಳಚಿಡಬೇಕೆಂದು ಅಪೇಕ್ಷಿಸುವುದು ಸಲ್ಲದೆಂದು ಅಭಿಪ್ರಾಯಪಟ್ಟಿತು. ಯೂರೋಪಿಯನ್ ಸಮುದಾಯವು ೧೯೭೭ರಲ್ಲಿ ವಲಸಿಗ ಕಾರ್ಮಿಕರ ಮಕ್ಕಳಿಗೆ ಮಾತೃಭಾಷೆಯ ಬೋಧನೆಯನ್ನು ಪ್ರೋತ್ಸಾಹಿಸುವ ನಿರ್ದೇಶವನ್ನು ಹೊರಡಿಸಿತು. ಆದರೆ ೧೯೮೫ರ ಸ್ವಾನ್ ವರದಿಯು ಮಾತೃಭಾಷೆಯನ್ನು ಉಳಿಸಿಕೊಳ್ಳುವ ಕಾರ್ಯವು ಆಯಾ ಸಮಾಜಗಳಿಗೇ ಸೇರಿದ್ದೆಂದು ತೀರ್ಮಾನಿಸಿತು. ಅದೇ ವರ್ಷ ಪ್ರಕಟವಾದ, ಇಂಗ್ಲೆಂಡಿನ ಇತರ ಭಾಷೆಗಳನ್ನು ಕುರಿತ ಸಮೀಕ್ಷೆಯು ಇಂತಹ ಬೋಧನೆಯ ಬಹುಭಾಗವು ಸಮಾಜದ ಸ್ವಂತ ಶ್ರಮ ಮತ್ತು ಹಣದಿಂದಲೇ ನಡೆಯುತ್ತಿದ್ದುದನ್ನು ತೋರಿಸಿಕೊಟ್ಟಿತ್ತು.

೫. ತರಗತಿಯ ಒಳಗೆ

ಈ ತರಗತಿಯಲ್ಲಿ ಕಲಿಸುವುದೆಂದರೇನು? ಮೊದಲನೆಯ ತೊಡಕು ‘ಮಾತೃಭಾಷೆ’ ಎಂಬ ಶಬ್ದದಲ್ಲಿಯೇ ಇದೆ. ಪೂರ್ವ ಆಫ್ರಿಕದಿಂದ ಬಂದ ಅನೇಕ ಕುಟುಂಬಗಳ ಮನೆಮಾತು ಕಛ್ಛಿ. ಅದು ಸಿಂಧಿಗೆ ಹತ್ತಿರವಾದ ನುಡಿ. ಅವರಿಗೆ ಗುಜರಾತಿಯು ಓದುಬರಹದ ಭಾಷೆ. ಮನೆಯಲ್ಲಿ ತುಳು ಅಥವಾ ಕೊಂಕಣಿಯನ್ನಾಡಿ ಶಾಲೆಯಲ್ಲಿ ಕನ್ನಡ ಕಲಿಯುವ ನಮ್ಮ ಕರಾವಳಿಯ ಮಕ್ಕಳನ್ನು ಬಲ್ಲವರಿಗೆ ಈ ಸ್ಥಿತಿ ಸುಲಭವಾಗಿ ತಿಳಿಯುತ್ತದೆ. ಗುಜರಾತಿಯನ್ನೇ ಆಡುವ ಮನೆಗಳಲ್ಲಿಯೂ ಸ್ವಾಹಿಲಿಯಿಂದ ಬಂದ ಮಾತುಗಳು ಬೇರೂರಿದ್ದುವು: ಮರಗೆಣಸಿಗೆ ‘ಮೋಗೋ’, ನೆಲಗಡಲೆಗೆ ‘ಜುಗು’, ಪೊರಕೆಗೆ ‘ಫಗಿಯೋ’. ಅಹಮದಾಬಾದಿನಲ್ಲಿ ಅಚ್ಚಾದ ಬಾಲಬೋಧೆಯಲ್ಲಿ ಈ ಮಾತುಗಳಿಲ್ಲ. ಅಜ್ಜಿಯಿಂದ ಕಲಿತ ಮಾತನ್ನು ಪುಸ್ತಕವು ಅರಿಯದಿದ್ದಾಗ ಮಗುವು ಯಾವುದನ್ನು ನಂಬಬೇಕು? ಗುಜರಾತಿ ಮುಸಲ್ಮಾನರ ಅನೇಕ ಮನೆಗಳಲ್ಲಿ ಧಾರ್ಮಿಕ ಶಿಕ್ಷಣದ ಭಾಷೆಯಾಗಿ ಉರ್ದುವು ಮುಂದೆ ಬಂದಿದ್ದರಿಂದ ಮಕ್ಕಳ ಬಿಡುವಿನ ವೇಳೆಯು ಎರಡು ತರಗತಿಗಳ ನಡುವೆ ಹಂಚಿಹೋಯಿತು.

ಭಾಷೆಯ ಸ್ವರೂಪದಿಂದ ಬರುವ ತೊಡಕುಗಳೂ ಉಂಟು. ಗುಜರಾತಿಯ ಉಚ್ಚಾರಣೆಯಲ್ಲಿ ಇಕಾರ ಉಕಾರಗಳ ಹ್ರಸ್ವದೀರ್ಘಭೇದವು ಅಳಿದುಹೋಗಿದ್ದರೂ ಬರಹದಲ್ಲಿ ಉಳಿದಿದೆ. ಕಿವಿ ಹೇಳದುದನ್ನು ಕೈ ಬರೆಯಬೇಕು. ಲಿಂಗ ಮೂರು, ನಿರ್ಜೀವ ವಸ್ತುಗಳೂ ಈ ಮೂರರಲ್ಲಿ ಹಂಚಿಹೋಗುತ್ತವೆ. ಅರ್ಥವನ್ನು ನೋಡಿ ಲಿಂಗವನ್ನು ಹೇಳುವ ಕನ್ನಡಿಗನಿಗೇ ಇದು ಕಷ್ಟ. ಇಂಗ್ಲೀಷಿನಲ್ಲಿ ಬೆಳೆದ ಮಗುವಿಗೆ ಇನ್ನೂ ಕಷ್ಟ. ಆದರೆ ಇದೇ ತರಗತಿಯಲ್ಲಿ ಇಂಗ್ಲೀಷಿನ ‘ಅಂಕಲ್’ ಎಂಬ ಒಂದೇ ಮಾತು ಕಾಕಾ, ಮಾಮಾ, ಮಾಸಾ, ಫೂಆ ಎಂದು ನಾಲ್ಕಾಗಿ ಬಿಡಿಸಿಕೊಳ್ಳುತ್ತದೆ. ತಂದೆಯ ತಮ್ಮ, ತಾಯಿಯ ಅಣ್ಣತಮ್ಮ, ಚಿಕ್ಕಮ್ಮ ದೊಡ್ಡಮ್ಮಂದಿರ ಗಂಡ, ಸೋದರತ್ತೆಯ ಗಂಡ, ಪ್ರತಿಯೊಬ್ಬನಿಗೂ ಒಂದು ಹೆಸರು, ಒಂದು ಸ್ಥಾನ. ಮಗು ಇಲ್ಲಿ ಮನೆತನದ ರಚನೆಯನ್ನೇ ಕಲಿಯುತ್ತದೆ. ಕಾಲು, ಮುಕ್ಕಾಲಿನ ಮಗ್ಗಿಗಳ ಸ್ಥಾನವನ್ನು ಈಗ ಆಕ್ರಮಿಸಿಕೊಂಡಿರುವುದು ಈ ಜ್ಞಾನ.

೬. ಉಪಸಂಹಾರ

ಹಿಂದಿನ ಪ್ರಶ್ನೆಗೆ ಈಗ ಹಿಂದಿರುಗಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ೨೦೧೧ರ ಜನಗಣತಿಯಲ್ಲಿ ಗುಜರಾತಿಯನ್ನು ಮುಖ್ಯಭಾಷೆಯೆಂದು ಹೇಳಿದವರು ಸುಮಾರು ೨,೧೩,೦೦೦. ೨೦೨೧ರಲ್ಲಿ ಸುಮಾರು ೧,೮೯,೦೦೦. ಇಂಗ್ಲೀಷನ್ನು ಮುಖ್ಯಭಾಷೆಯೆಂದು ಬರೆಸಿ ಮನೆಯಲ್ಲಿ ಗುಜರಾತಿಯನ್ನಾಡುವವರು ಈ ಲೆಕ್ಕದಲ್ಲಿ ಸೇರುವುದಿಲ್ಲವಾದ್ದರಿಂದ ಅಂಕಿಗಳನ್ನು ಎಚ್ಚರಿಕೆಯಿಂದ ಬಳಸಬೇಕು. ಆದರೂ ಇಳಿಮುಖವು ಸ್ಪಷ್ಟ. ಇದು ಪೋಷಕರ ಉದಾಸೀನದ ಫಲವೆ? ವಾರವೆಲ್ಲ ಕಾರ್ಖಾನೆಯಲ್ಲೋ ಅಂಗಡಿಯಲ್ಲೋ ದುಡಿದು ಶನಿವಾರ ಮಕ್ಕಳನ್ನು ಕರೆತಂದ ತಾಯಿತಂದೆಗಳೂ, ಅಲ್ಪ ಸಂಭಾವನೆಗೋ ಸಂಭಾವನೆಯಿಲ್ಲದೆಯೋ ಕಲಿಸಿದ ಉಪಾಧ್ಯಾಯಿನಿಯರೂ ಈ ಆರೋಪಕ್ಕೆ ಅರ್ಹರೆಂದು ಹೇಳಲಾಗದು. ಗಾಮಠಿ ನಿಶಾಳದ ಪೋಷಕರು ಇವರಿಗಿಂತ ಹೆಚ್ಚು ಭಾಷಾಭಿಮಾನಿಗಳಾಗಿದ್ದರೆಂಬುದಕ್ಕೂ ಆಧಾರವಿಲ್ಲ. ಅಂದು ಅಕ್ಷರ ಬಲ್ಲವನಿಗೆ ಚೋಪಡಾ ಕಾದಿತ್ತು. ಇಂದಿನ ಮಗುವಿಗೆ ಅದಿಲ್ಲ. ಬದಲಾದುದು ಅಭಿಮಾನವಲ್ಲ, ಪ್ರಯೋಜನ.

ಇದನ್ನು ಸಮಾಜವೂ ಕಂಡುಕೊಂಡಿದೆ. ೨೦೧೫ರಲ್ಲಿ ಬ್ರಿಟನ್ನಿನ ಪರೀಕ್ಷಾಮಂಡಲಿಗಳು ಗುಜರಾತಿಯೂ ಸೇರಿದಂತೆ ಹಲವು ಭಾಷೆಗಳ ಪರೀಕ್ಷೆಗಳನ್ನು ನಿಲ್ಲಿಸಲು ಹೊರಟಾಗ ಎದ್ದ ಪ್ರತಿಭಟನೆ ತೀವ್ರವಾಗಿತ್ತು. ೨೦೧೬ರಲ್ಲಿ ಅವುಗಳನ್ನು ಮುಂದುವರಿಸುವ ತೀರ್ಮಾನವಾಗಿ, ೨೦೧೮ರಿಂದ ಗುಜರಾತಿಗೆ ಹೊಸ ಪಾಠಕ್ರಮ ಜಾರಿಗೆ ಬಂದಿತು. ಪರೀಕ್ಷೆಯೆಂಬುದು ಭಾಷಾಪ್ರೇಮಕ್ಕೆ ಅಲ್ಪವಾದ ಕಾರಣವೆಂದು ಕೆಲವರಿಗೆ ತೋರಬಹುದು. ಆದರೆ ಚೋಪಡಾ ಬಿಟ್ಟುಹೋದ ಸ್ಥಳದಲ್ಲಿ ಉಳಿದಿರುವ ಪ್ರತ್ಯಕ್ಷ ಪ್ರಯೋಜನ ಸದ್ಯಕ್ಕೆ ಅದೊಂದೇ. ವಾರಕ್ಕೆರಡು ಗಂಟೆಯ ತರಗತಿಯು ಒಂದು ಭಾಷೆಯನ್ನು ತಾನೇ ಉಳಿಸಲಾರದು. ಮನೆ, ಬೀದಿ, ದುಡಿಮೆಗಳಲ್ಲಿ ಬಳಕೆಯುಳ್ಳ ಭಾಷೆಗೆ ಅದು ಅಕ್ಷರದ ಆಧಾರವನ್ನು ಮಾತ್ರ ನೀಡಬಲ್ಲದು. ಹೊರದೇಶಗಳಲ್ಲಿ ಕನ್ನಡ ತರಗತಿಗಳನ್ನು ನಡೆಸುತ್ತಿರುವ ನಮ್ಮವರಿಗೂ ಈ ಮಾತು ಅನ್ವಯಿಸುತ್ತದೆ.

ಕೊನೆಯದಾಗಿ ಸಂಶೋಧಕರಿಗೆ ಒಂದು ಸೂಚನೆ. ಈ ಇತಿಹಾಸದ ಆಕರಗಳು ಹಾಜರಿ ಪುಸ್ತಕಗಳಲ್ಲಿ, ಕೈಬರಹದ ಪಾಠಗಳಲ್ಲಿ, ವೃದ್ಧ ಉಪಾಧ್ಯಾಯಿನಿಯರ ನೆನಪುಗಳಲ್ಲಿ ಚದರಿಹೋಗಿವೆ. ೧೯೭೨ರಲ್ಲಿ ಮೂವತ್ತು ವರ್ಷದವರಾಗಿದ್ದವರು ಇಂದು ಎಂಬತ್ತನ್ನು ದಾಟಿದ್ದಾರೆ. ವರದಿಗಳು ಗ್ರಂಥಾಲಯದಲ್ಲಿ ಉಳಿಯುತ್ತವೆ. ಹಾಜರಿ ಪುಸ್ತಕಗಳು ಉಳಿಯುವುದಿಲ್ಲ. ಧೂಳಿನ ಮೇಲೆ ಬರೆದ ಅಕ್ಷರದಂತೆ ಅವು ಅಳಿಯುವ ಮುನ್ನ ಸಂಗ್ರಹಿಸುವ ಕಾರ್ಯವನ್ನು ಯಾರಾದರೂ ಕೈಕೊಳ್ಳುವುದು ಅವಶ್ಯವಾಗಿದೆ.